ಬಯಲು ಎಂಬ ಪದಕ್ಕೆ ಬಂದವನು

“ಇದು ಯಾವಾಗ ಬಂತು?” ಎಂದರು ದೇವೀರಮ್ಮ ಸಿಸ್ಟರ್. ಕೇಳಿದ್ದು ನನ್ನನ್ನಲ್ಲ, ಯಾರನ್ನೂ ಅಲ್ಲ. ಬೆಳಗಿನ ಪಾಳಿಗೆ ಬಂದು, ಮೊಣಕೈವರೆಗೆ ತೊಳೆದುಕೊಂಡು, ಕೈ ಇನ್ನೂ ಆರುವ ಮುಂಚೆ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ಗೋಡೆಗೆ ಹೇಳಿದ ಹಾಗೆ ಹೇಳಿದರು. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬಟ್ಟಲಿಗೆ ಎದೆಹಾಲು ಹಿಂಡುತ್ತಿದ್ದೆ. ತಲೆಯೆತ್ತಿ ನೋಡಿದೆ. ನನ್ನ ಮಕ್ಕಳು ಇದ್ದಲ್ಲೇ ಇದ್ದವು. ಕಿಟಕಿಯ ಪಕ್ಕ ಬೆಳಕು. ಅದರಾಚೆ ಬೀಜ. ಕಂಬದ ಹತ್ತಿರ ಬಳ್ಳಿ. ಬಳ್ಳಿಯ ಪೆಟ್ಟಿಗೆಯಲ್ಲೇ, ಅವಳ ಕಾಲ ಬಳಿ, ಬಟ್ಟೆಯ ಮಡಿಕೆಯೊಳಗೆ ಮತ್ತೊಂದು ಮಗು ಮಲಗಿತ್ತು.

ಸಿಸ್ಟರ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆಯಾಳನ್ನು ಕರೆದು, “ಸ್ಟೋರಿಂದ ಇನ್ನೊಂದು ಪೆಟ್ಟಿಗೆ ತಳ್ಕೊಂಡು ಬಾರಮ್ಮ. ಚಕ್ರಕ್ಕೆ ಎಣ್ಣೆ ಬಿಡು, ಕಿರುಗುಟ್ಟಿದರೆ ಕೂಸುಗಳು ಬೆಚ್ಚುತ್ವೆ” ಎಂದರು. ಅಷ್ಟೇ. ನಮ್ಮೂರಿನಲ್ಲಿ ಇಂಥದ್ದಕ್ಕೆ ಯಾರೂ ಕೂಗಿಕೊಳ್ಳುವುದಿಲ್ಲ.

ನಮ್ಮೂರಿನಲ್ಲಿ ಮನುಷ್ಯರನ್ನು ಎಣಿಸುವುದೂ ಇಲ್ಲ. ತೆಂಗಿನಕಾಯಿ ಎಣಿಸುತ್ತೇವೆ, ಸೌದೆ ಎಣಿಸುತ್ತೇವೆ, ಕಂಡಕ್ಟರು ಖಾಲಿ ಸೀಟು ಎಣಿಸುತ್ತಾನೆ. ಜನರನ್ನು ಮಾತ್ರ ಇಲ್ಲ. ಪ್ರತಿ ಮನೆಗೂ ಒಂದು ಪದ್ಯ. ಮನೆಯಲ್ಲಿರುವ ಒಬ್ಬೊಬ್ಬರಿಗೂ ಅದರಲ್ಲಿ ಒಂದೊಂದು ಪದ. ಸಂಜೆ ದೀಪ ಹಚ್ಚಿ ಯಾರಾದರೂ ಅದನ್ನು ಹೇಳುತ್ತಾರೆ. ಹುಟ್ಟುವವರಿಗೆ ಪದ ಕೂಡಿಸುತ್ತಾರೆ. ಹೋದವರ ಪದವನ್ನು ಮನೆಯ ಹಿರಿಯಳು ಹರಿಯುವ ನೀರಿನಲ್ಲಿ ನಿಂತು, ಅದೊಂದನ್ನು ಬಿಟ್ಟು ಉಳಿದದ್ದನ್ನು ಹೇಳಿ, ಇಳಿಸುತ್ತಾಳೆ. ಇಳಿಸದೆ ಬಿಟ್ಟ ಪದಕ್ಕೆ ಯಾರಾದರೂ ಬರುತ್ತಾರೆ.

ದರ್ಜಿ ಕರಿಯಪ್ಪನ ಮನೆಯಲ್ಲಿ ಚಿಕ್ಕಪ್ಪ ತೀರಿಕೊಂಡಾಗ ಅಳುವ ಗಡಿಬಿಡಿಯಲ್ಲಿ ಪದ ಇಳಿಸುವುದನ್ನು ಮರೆತರು. ದೀಪದ ಹೊತ್ತಿಗೆ ಒಬ್ಬ ಬಂದು ಪಂಕ್ತಿಯ ಕೊನೆಯಲ್ಲಿ ಕೂತ. ಚಿಕ್ಕಪ್ಪನ ಹಾಗಿರಲಿಲ್ಲ, ಯಾರ ಹಾಗೂ ಇರಲಿಲ್ಲ. ಎಲೆ ಹಾಕಿದರು, ಉಂಡ. ಈಗ ಅಂಗಡಿಯಲ್ಲಿ ಕಾಜ ಹೊಲಿಯುವವನು ಅವನೇ. ಅಷ್ಟು ಅಚ್ಚುಕಟ್ಟಾದ ಕಾಜ ಬೇರೆಲ್ಲೂ ಸಿಗುವುದಿಲ್ಲವೆಂದು ಮದುವೆ ಗಂಡುಗಳ ಅಂಗಿಯೆಲ್ಲ ಅಲ್ಲಿಗೇ ಹೋಗುತ್ತದೆ. ತೊಂದರೆ ಏನೆಂದರೆ, ಪದಕ್ಕೆ ಬಂದವರಿಗೆ ತಮ್ಮದು ಅಂತ ಉಸಿರಿರುವುದಿಲ್ಲ. ಮನೆಯವರ ಉಸಿರಿನಲ್ಲೇ ಬದುಕಬೇಕು. ಕರಿಯಪ್ಪನ ಮನೆಯವರು ಈಗ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ಆಮೇಲೆ ಮುಂದುವರಿಸುತ್ತಾರೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಅವರು ದೊಡ್ಡವರು, ಹಂಚಿ ಕೊಡಲು ಅವರಲ್ಲಿ ಇದೆ. ನನ್ನ ಮಕ್ಕಳಲ್ಲಿ ಇದ್ದದ್ದು ಅವಕ್ಕೇ ಸಾಲುತ್ತಿರಲಿಲ್ಲ.

ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯ ಪದ್ಯ ಒಂದೇ ಸಾಲು. ಹೊಸ್ತಿಲು ಹಣತೆ ಹೂಜಿ ಹಾಡು. ಹೊಸ್ತಿಲು ಅಂದರೆ ಅತ್ತೆ ಹೊನ್ನವ್ವ. ಹಣತೆ ನನ್ನ ಗಂಡ ಮಹಾಲಿಂಗ. ಹೂಜಿ ನಾದಿನಿ ಕುಮುದ. ಕೊನೆಯ ‘ಹಾಡು’ ನನಗಾಗಿ ಕೂಡಿಸಿದ್ದು. “ಬಾಯೇ ಬಿಡದವಳಿಗೆ ಹಾಡು ಅಂತ ಇಟ್ಟೆಯಲ್ಲವ್ವ” ಎಂದು ಕುಮುದ ನಕ್ಕಿದ್ದಳು. ಅತ್ತೆಗೆ ದಮ್ಮು. ಅಷ್ಟು ಚಿಕ್ಕ ಸಾಲನ್ನೂ ಅವರು ಒಂದೇ ಉಸಿರಿಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೂಜಿಯ ಹತ್ತಿರ ನಿಲ್ಲುವರು, ಎದೆಯೊಳಗೆ ಸಣ್ಣ ಸಿಳ್ಳು ಏಳುವುದು, ಅದು ಅಡಗಿದ ಮೇಲೆ ‘ಹಾಡು’ ಎನ್ನುವರು.

ಇಂಥವು ನನ್ನ ಕಿವಿಗೆ ಬೀಳುತ್ತವೆ. ನಮ್ಮಪ್ಪ ದೇವಸ್ಥಾನದ ಜಗುಲಿಯಲ್ಲಿ ಕಾವ್ಯ ಓದುತ್ತಿದ್ದವರು. ನಾನು ಕಂಬಕ್ಕೊರಗಿ ಕೇಳಿಕೊಂಡು ಬೆಳೆದವಳು, ಹೇಳಿದವಳಲ್ಲ. “ಪದ ಯಾರು ಬೇಕಾದ್ರೂ ಕಲೀತಾರೆ ಮಗಾ. ಓದೋನು ಉಸಿರು ಎಲ್ಲಿ ತಗೋತಾನೆ, ಅದನ್ನ ಕೇಳು. ದೇವರು ಬಂದು ಕೂರೋದು ಆ ಸಂದಿನಲ್ಲಿ” ಎನ್ನುತ್ತಿದ್ದರು. ಹಾಗಾಗಿ ನನಗೆ ಎಲ್ಲ ಕಡೆಯೂ ಸಂದುಗಳೇ ಕೇಳಿಸುತ್ತವೆ. ದೇವರು ಅಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಕೂರಲು ಜಾಗವಿದೆ ಎಂಬುದು ಮಾತ್ರ ಗೊತ್ತು.

ಬಸುರಿಯಾದಾಗ ಸ್ಕ್ಯಾನಿಂಗ್ ಡಾಕ್ಟರು ಪರದೆ ನೋಡುತ್ತ, ಇಷ್ಟು ಎಂದು ಬಾಯಲ್ಲಿ ಹೇಳದೆ, ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಟಕ್. ಟಕ್. ಟಕ್. ಟಕ್. ಅತ್ತೆ ಆ ಬೆರಳನ್ನೇ ನೋಡುತ್ತ ಕೂತಿದ್ದರು. ಸಂಜೆಗೆ ಪದ್ಯಕ್ಕೆ ಎರಡನೇ ಸಾಲು ಬಂದಿತ್ತು: ಬೆಳಕು ಬೀಜ ಬಳ್ಳಿ ಬಯಲು. “ಕೊನೆಗೆ ಪದವೇ ಸಿಗಲಿಲ್ಲ ಕಣೇ,” ಎಂದರು, “ಬಯಲು ಅಂದೆ. ಜಾಗ ಇದ್ದರೆ ಏನಾದರೂ ಬೆಳೆದೀತು.” ಮುಂದಿನ ಸಲ ಹೋದಾಗ ಡಾಕ್ಟರ ಬೆರಳು ಟಕ್, ಟಕ್, ಟಕ್ ಎಂದಿತು. ಮತ್ತೆ ಮೇಲೆದ್ದದ್ದು ಕೆಳಗೆ ಬೀಳಲಿಲ್ಲ. ಗಾಳಿಯಲ್ಲೇ ನಿಂತಿತು. ಆಮೇಲೆ ಅವರು ಕೈಯನ್ನು ಮೆಲ್ಲಗೆ ಕೋಟಿನ ಜೇಬಿಗಿಟ್ಟುಕೊಂಡರು. “ಒಮ್ಮೊಮ್ಮೆ ಹೀಗಾಗತ್ತಮ್ಮ. ಹೊಟ್ಟೆಯೊಳಗೇ ಕರಗಿಹೋಗತ್ತೆ. ಉಳಿದವು ಚೆನ್ನಾಗಿವೆ” ಎಂದರು.

ಬಯಲು ಎಂಬ ಪದವನ್ನು ಇಳಿಸಬೇಕಿತ್ತು. ಅತ್ತೆ ಕಾಲುವೆಗೆ ಹೊರಟು ನಿಂತ ದಿನವೇ ದಮ್ಮು ಎದ್ದಿತು. ದಮ್ಮು ಇಳಿಯುವಷ್ಟರಲ್ಲಿ ನನಗೆ ನೋವು ಬಂತು. ದಿನ ತುಂಬಲು ಇನ್ನೂ ಎಷ್ಟೋ ಉಳಿದಿತ್ತು. ಮಕ್ಕಳು ಅಂಗೈಯಲ್ಲಿ ಹಿಡಿಸುವಷ್ಟಿದ್ದವು. ಮೈಬಣ್ಣ ದಾಸವಾಳದ ಮೊಗ್ಗಿನದು, ಕಿವಿ ಇನ್ನೂ ಬಿಚ್ಚದ ಎಲೆಯ ಹಾಗೆ ತಲೆಗೆ ಅಂಟಿಕೊಂಡಿದ್ದವು. ಅಳಲಿಲ್ಲ. ಅಳುವುದಕ್ಕೆ ಬೇಕಾದ ಗಾಳಿ ಅವುಗಳ ಹತ್ತಿರ ಇರಲಿಲ್ಲ. ಎತ್ತಿಕೊಂಡು ಓಡಿದರು. ನಾನು ನೋಡಿದ್ದು ದಾದಿಯರ ಬೆನ್ನು.

ಆ ಸಂಜೆ ಮನೆಯಲ್ಲಿ ಕುಮುದ ಒಬ್ಬಳೇ ದೀಪ ಹಚ್ಚಿದಳು. ಕೈ ಹತ್ತಿ ಬತ್ತಿಯ ಮೇಲೆ, ಜೀವ ಆಸ್ಪತ್ರೆಯಲ್ಲಿ. ಬಾಯಿಪಾಠವಾದದ್ದು ಬಾಯಿಗೆ ತಾನಾಗಿ ಬಂತು. ಪದ್ಯವನ್ನು ಪೂರ್ತಿ ಹೇಳಿಬಿಟ್ಟಳು. “ಬಯಲು ಅಂದಮೇಲೆ ತಿಳೀತು ಅತ್ಗೆ,” ಎಂದು ಮರುದಿನ ನನ್ನ ಮಂಚದ ಬಳಿ ಕೂತು ಸೆರಗಿನ ತುದಿ ಕಚ್ಚಿಕೊಂಡು ಹೇಳಿದಳು. “ಎಲ್ಲರ ಮನೇಲೂ ಬರೋರು ಒಳಗೆ ಬರ್ತಾರೆ. ನಮ್ಮನೇಲಿ ಏನೋ ನಡುಮನೆಯಿಂದ ಎದ್ದು, ನನ್ನ ಪಕ್ಕದಲ್ಲೇ ಹಾದು, ಹೊರಗೆ ಹೋಯ್ತು. ಗೇಟಿನ ಚಿಲಕ ತೆಗೀತು. ನಿಮ್ಮನ್ನ ಹುಡ್ಕೊಂಡೇ ಹೊರಟಿದ್ದು ಅದು.”

ಅವಳು ಹೇಳಿದ ಮರುಬೆಳಗ್ಗೆ ಅದು ಬಳ್ಳಿಯ ಕಾಲ ಬಳಿ ಮಲಗಿತ್ತು.

ಗಂಡುಮಗು. ಮೈಯೆಲ್ಲ ನಯ. ಉಳಿದ ಮಕ್ಕಳ ಬೆನ್ನು ಹೆಗಲ ಮೇಲೆ ಇದ್ದ ನವಿರು ಕೂದಲು ಅವನಿಗಿರಲಿಲ್ಲ. ಸಿಸ್ಟರ್ ಎಲ್ಲರಿಗೂ ಹಚ್ಚಿದ ಹಾಗೆ ಅವನ ಎದೆಗೂ ವೈರು ಅಂಟಿಸಿದರು. ಪರದೆಯ ಮೇಲೆ ಗೆರೆ ಒಣಗಲು ಹಾಕಿದ ದಾರದ ಹಾಗೆ ನೇರವಾಗಿ ಹರಿಯಿತು, ಯಂತ್ರ ಕೂಗತೊಡಗಿತು. ಸಿಸ್ಟರ್ ಅವನ ಕೆನ್ನೆ ಮುಟ್ಟಿದರು. ಅವನು ಬಾಯಿ ತಿರುಗಿಸಿ ಬೆರಳನ್ನು ಹುಡುಕಿದ. “ಇದು ಕೂಗಿಕೊಂಡೇ ಇರತ್ತೆ, ಉಳಿದವಕ್ಕೆ ನಿದ್ದೆ ಬೇಡವಾ” ಎಂದು ಯಂತ್ರದ ಸದ್ದನ್ನು ಆರಿಸಿದರು. ಪರದೆ ಉರಿಯುತ್ತಲೇ ಇತ್ತು. ಮೂಗಿನ ನಳಿಗೆಯಲ್ಲಿ ಅವನಿಗೂ ಹಾಲು ಬಿಟ್ಟೆವು. ಹಾಲು ಹೋಗುತ್ತಿತ್ತು, ಬಟ್ಟೆ ಮಾತ್ರ ಒದ್ದೆಯಾಗುತ್ತಿರಲಿಲ್ಲ. “ಬಟ್ಟೆ ಒಗೆಯೋ ಕೆಲಸ ಉಳೀತು” ಎಂದಳು ಆಯಾ. ನನ್ನ ಗಂಡ ಗಾಜಿಗೆ ಮುಖ ಒತ್ತಿ ಬಹಳ ಹೊತ್ತು ನೋಡಿ, “ಮೂಗು ನಂದೇ ಅಲ್ವೇನೇ?” ಎಂದರು. ಅವರು ಯಾವ ಮಗುವನ್ನು ನೋಡಿದರೂ ಹಾಗೇ ಅನ್ನುತ್ತಿದ್ದರು.

ಸಿಟ್ಟಾದವರು ಅತ್ತೆ ಒಬ್ಬರೇ. ಬಾಗಿಲಲ್ಲೇ ನಿಂತು, ಸಿಳ್ಳಿನ ನಡುವೆ ಬಿಟ್ಟು ಬಿಟ್ಟು ಹೇಳಿದರು. “ಪುರುಡು ಕಳೆದ ದಿನವೇ ನೀರಿಗಿಳೀತೀನಿ. ಪುರುಡಿನ ಮೈಯಲ್ಲಿ ಪದ ಇಳಿಸೋ ಹಾಗಿಲ್ಲ. ಅಲ್ಲೀತನಕ ಇದನ್ನ ಯಾರೂ ಹೆಚ್ಚು ಹಚ್ಕೋಬೇಡಿ. ಮಕ್ಕಳು ನಮ್ಮ ಹೊಸ್ತಿಲು ದಾಟೋಕೆ ಮುಂಚೆ ಇಳಿದುಬಿಡಬೇಕು. ದಾಟಿದಮೇಲೆ ಪದ ಬೇರು ಬಿಡತ್ತೆ. ಆಮೇಲೆ ಯಾವ ನೀರಿಗೂ ಬಗ್ಗೋದಿಲ್ಲ.”

“ಎಲ್ಲಿಗೆ ಹೋಗತ್ತೆ ಅತ್ತೆ, ಇಳಿಸಿದಮೇಲೆ?”

“ಎಲ್ಲಿಂದ ಬಂತೋ ಅಲ್ಲಿಗೆ. ನೀನು ನಿನ್ನವನ್ನ ನೋಡ್ಕೋ.”

ನನ್ನವನ್ನು ನೋಡಿಕೊಳ್ಳುವುದೆಂದರೆ ಉಸಿರನ್ನು ಕಾಯುವುದು. ಹೊತ್ತಿಗೆ ಮುಂಚೆ ಬಂದ ಮಕ್ಕಳು ಉಸಿರಾಡುವುದನ್ನು ನಡುನಡುವೆ ಮರೆಯುತ್ತವೆ. ಆಡುತ್ತ ಆಡುತ್ತ ಸುಮ್ಮನಾಗಿಬಿಡುತ್ತವೆ. ಯಂತ್ರ ಕೂಗುತ್ತದೆ; ಸಿಸ್ಟರ್ ಬಂದು ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆಯುತ್ತಾರೆ; ಮಗು ಏನೋ ನೆನಪಾದಂತೆ ಮುಖ ಕಿವುಚಿ ಉಸಿರೆಳೆಯುತ್ತದೆ. “ದಿನ ತುಂಬೋತನಕ ಹೀಗೇ. ಆಮೇಲೆ ನಿಲ್ಲತ್ತೆ” ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಬೆಳಕು ಅಪರೂಪಕ್ಕೆ ಮರೆಯುತ್ತಿದ್ದಳು. ಬೀಜ ಹಾಲು ಹೋಗುವಾಗ ಮರೆಯುತ್ತಿದ್ದ. ಬಳ್ಳಿ ಸುಮ್ಮಸುಮ್ಮನೆ ಮರೆಯುತ್ತಿದ್ದಳು, ಕಿಟಕಿಯಾಚೆ ಯಾರೋ ಕರೆದಂತೆ.

ಸ್ವಲ್ಪ ತೂಕ ಬಂದ ಮೇಲೆ ಎದೆಗೆ ಹಾಕಿಕೊಳ್ಳಲು ಹೇಳಿದರು. ಬರಿಯ ಎದೆಯ ಮೇಲೆ ಬರಿಮೈಯ ಮಗುವನ್ನು ಕಪ್ಪೆಯ ಹಾಗೆ ಕವುಚಿ ಮಲಗಿಸಿ, ಮೇಲೆ ಸೀರೆ ಸುತ್ತಿ, ಗಂಟೆಗಟ್ಟಲೆ ಕೂರಬೇಕು. ತಾಯಿಯ ಎದೆ ಏರಿಳಿಯುವುದನ್ನು ಕೇಳಿಕೊಂಡು ಮಗು ಉಸಿರು ಕಲಿಯುತ್ತದೆ. ನನಗೆ ಇರುವುದು ಒಂದೇ ಎದೆ. ನನ್ನ ಮೇಲೆ ಬಳ್ಳಿ. ನನ್ನ ಗಂಡ ಅಂಗಿ ಬಿಚ್ಚಿ ನಾಚಿಕೊಂಡು ಕೂತರು, ಅವರ ಮೇಲೆ ಬೀಜ. ಕುಮುದನ ಮೇಲೆ ಬೆಳಕು. ಕಂಬದ ಬಳಿ ಕೊನೆಯ ಪೆಟ್ಟಿಗೆಯಲ್ಲಿ ಅವನೊಬ್ಬ ಉಳಿದ, ಕಣ್ಣು ಬಿಟ್ಟುಕೊಂಡು. ದೇವೀರಮ್ಮ ಸಿಸ್ಟರ್ ಆಚೀಚೆ ನೋಡಿ, ಟವಲಿನಲ್ಲಿ ಸುತ್ತಿ ತಂದು, “ಅಜ್ಜಿ, ಸ್ವಲ್ಪ ಸೆರಗು ಸರಿಸಿ” ಎಂದರು.

“ನನಗ್ಯಾಕೆ? ದಮ್ಮಿನ ಎದೆ ಇದು. ಇದರ ಮೇಲೆ ಏನು ಕಲೀತದೆ?”

“ಕಲಿಯೋದು ಏನೂ ಬೇಡ. ಬೆಚ್ಚಗಿದ್ದರೆ ಸಾಕು.”

ಅತ್ತೆ ಮುಖ ತಿರುಗಿಸಿಕೊಂಡೇ ಸೆರಗು ಸರಿಸಿದರು. ಅವನನ್ನಿಟ್ಟಾಗ ಬೆಚ್ಚಿದರು. “ಹೂಜಿ ನೀರಿನ ಹಾಗಿದೆ” ಎಂದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದಿದ್ದರು. ಎಷ್ಟೋ ಹೊತ್ತಿನ ಮೇಲೆ ಆ ಕೈ ಅವನ ಬೆನ್ನಿನ ಮೇಲೆ ಇಳಿಯಿತು.

ಪುರುಡು ಕಳೆಯಿತು. ನಾನು ಅತ್ತೆಯ ಮುಖ ನೋಡಿದೆ. “ಅಮಾವಾಸ್ಯೆ ಮುಂದೆ ಇಟ್ಕೊಂಡು ನೀರಿಗಿಳೀಬಾರದು” ಎಂದರು. ಅಮಾವಾಸ್ಯೆ ಹೋಯಿತು. “ಕಾಲುವೆಗೆ ನೀರು ಬಿಟ್ಟಿಲ್ಲ, ನಿಂತ ನೀರಲ್ಲಿ ಹೇಳೋಕೆ ಆಗತ್ತಾ?” ಎಂದರು. ಮನೆಯಿಂದ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೊರಟು ಬರುತ್ತಿದ್ದರು. ಬಂದವರೇ ಕೈ ತೊಳೆದು, ಕುರ್ಚಿಯಲ್ಲಿ ಕೂತು, “ಎಲ್ಲಿ ನಮ್ಮ ಬಯಲಪ್ಪ, ತಾರಮ್ಮ” ಎಂದು ಸಿಸ್ಟರನ್ನು ಅವಸರ ಮಾಡುವರು. ಕುಮುದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನೂ ನಕ್ಕೆ. ನನಗೂ ಅವನು ಬೇಡವಾಗಿರಲಿಲ್ಲ. ಹೊಟ್ಟೆಯೊಳಗೆ ಒಂದು ಕಡೆ ಮಿಸುಕುತ್ತಿದ್ದದ್ದು ಒಂದು ದಿನ ನಿಂತುಹೋದದ್ದು ನನಗೆ ಮಾತ್ರ ಗೊತ್ತಿತ್ತು. ಅವನಿಗೆ ಹಾಲು ಬಿಡುವಾಗ ಅಲ್ಲೇ ಎಲ್ಲೋ ಮತ್ತೆ ಮಿಸುಕುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಎದೆಯ ಮೇಲೆ ಮಕ್ಕಳನ್ನು ಹಾಕಿಕೊಂಡು ಕೂತಿದ್ದೆವು. ಊಟದ ಹೊತ್ತು ಕಳೆದು ವಾರ್ಡು ಸುಮ್ಮನಿತ್ತು. ನಾನು ಕಣ್ಣು ಮುಚ್ಚಿದ್ದೆ. ಬೀಜನ ಉಸಿರು ಒಂದು ಲಯ, ಬೆಳಕಿನದು ಇನ್ನೊಂದು, ನನ್ನ ಗಲ್ಲದ ಕೆಳಗೆ ಬಳ್ಳಿಯದು ಅವಸರದ್ದು. ಓದುವವರು ಗುಂಪಾಗಿ ಕೂತು ಬೇರೆ ಬೇರೆ ಪದ್ಯ ಓದಿದ ಹಾಗೆ. ಕೇಳುತ್ತ ಕೇಳುತ್ತ ಏನೋ ಕಡಿಮೆ ಅನ್ನಿಸಿತು. ಹುಡುಕಿದೆ. ಅತ್ತೆಯ ಸಿಳ್ಳು ಇರಲಿಲ್ಲ. ಅವರು ಹಾಯಾಗಿ, ಹದಿನೆಂಟರ ಹುಡುಗಿಯ ಹಾಗೆ, ಮೂಗಿನಲ್ಲೇ ಉಸಿರಾಡುತ್ತಿದ್ದರು.

ಅಷ್ಟರಲ್ಲಿ ಬಳ್ಳಿ ಮರೆತಳು. ಯಂತ್ರ ಕೂಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಸಂದಿನಲ್ಲಿ ನನಗೆ ಒಂದು ಉಸಿರು ಕೇಳಿಸಿತು. ಅತ್ತೆಯ ಸೆರಗಿನೊಳಗಿಂದ. ಸಣ್ಣದು, ಆಳದ್ದು, ಬಾಯಾರಿದವರು ನೀರು ಕುಡಿದ ಹಾಗೆ. ಕಣ್ಣು ಬಿಟ್ಟೆ. ಸದ್ದು ಆರಿಸಿದ್ದ ಅವನ ಪರದೆಯಲ್ಲಿ ನೇರ ಗೆರೆ ಎದ್ದು ಬೆಟ್ಟವಾಗಿ, ಬಿದ್ದು ಕಣಿವೆಯಾಗಿ ಓಡುತ್ತಿತ್ತು. ಬಳ್ಳಿಯ ಅಂಗಾಲಿಗೆ ಹೊಡೆದೆ. ಅವಳು ಕಿರುಗುಟ್ಟಿ ಉಸಿರೆಳೆದಳು. ಅವನ ಗೆರೆ ಮತ್ತೆ ದಾರವಾಯಿತು.

ಆಮೇಲೆ ಕಾದು ನೋಡಿದೆ. ಬೀಜ ಹಾಲಿನ ನಡುವೆ ಮರೆತಾಗ ಅವನ ಗೆರೆ ಎದ್ದಿತು. ಬೆಳಕು ಮರೆತಾಗಲೂ ಎದ್ದಿತು. ಅವು ಬಿಟ್ಟ ಸಂದಿನಲ್ಲೆಲ್ಲ ಅವನಿದ್ದ.

ದೇವೀರಮ್ಮ ಸಿಸ್ಟರಿಗೆ ಹೇಳಿದೆ. ಅವರು ಸಿರಿಂಜಿನಲ್ಲಿ ಹಾಲು ತುಂಬುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ನಾನೂ ನೋಡಿದೀನಿ ತಾಯಿ. ಪೆಟ್ಟಿಗೆ ನಾವು ಕೊಡ್ತೀವಿ, ಶಾಖ ಕೊಡ್ತೀವಿ. ಪದ ನಿಮ್ಮ ಮನೇದು” ಎಂದರು. ನನ್ನ ಗಂಡ ಕೇಳಿಸಿಕೊಂಡು, “ಅವ್ವ ನೋಡ್ಕೋತಾಳೆ ಬಿಡು” ಎಂದರು. ಅತ್ತೆಗೆ ಹೇಳಿದಾಗ ಅವರು ಅವನ ನೆತ್ತಿಯ ಮೇಲೆ ಗಲ್ಲವಿಟ್ಟುಕೊಂಡೇ ಹೇಳಿದರು. “ನೀನು ಕೇಳಿದ್ದು ಸರಿ ಕಣೇ, ತಿಳ್ಕೊಂಡಿದ್ದು ತಪ್ಪು. ಇವನು ಕಿತ್ಕೋತಿಲ್ಲ. ಅವು ಕೈಬಿಟ್ಟಿದ್ದನ್ನ ಕೆಳಗೆ ಬೀಳದ ಹಾಗೆ ಹಿಡ್ಕೋತಾನೆ. ಕೇಳಿದ ಕೂಡಲೆ ವಾಪಸ್ಸು ಕೊಡ್ತಾನಲ್ಲ.”

ನನಗೂ ಹಾಗೆಂದು ನಂಬಲು ಮನಸ್ಸಿತ್ತು. ನಂಬಿದೆ ಕೂಡ. ದಿನ ತುಂಬುತ್ತ ಬಂತು, ಮಕ್ಕಳ ಮರೆವು ಕಡಿಮೆಯಾಯಿತು, ನಳಿಗೆ ತೆಗೆದರು, ಬೆಳಕು ಮೊಲೆ ಕಚ್ಚುವುದನ್ನು ಕಲಿತಳು, ಬೀಜನಿಗೆ ಕೆನ್ನೆ ಬಂತು. ಯಂತ್ರಗಳು ಕೂಗುವುದನ್ನೇ ನಿಲ್ಲಿಸಿದವು. ಡಾಕ್ಟರು ಬಳ್ಳಿಯ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, “ಇವಳೂ ಗೆದ್ದಳು. ಶುಕ್ರವಾರ ಎಲ್ಲರನ್ನೂ ಕರ್ಕೊಂಡು ಹೋಗಿ” ಎಂದರು.

ಯಂತ್ರಕ್ಕೆ ಸಿಗದಷ್ಟು ಸಣ್ಣದಾಗಿ ಸಂದು ಉಳಿದಿತ್ತು. ನನ್ನ ಕಿವಿಗೆ ಸಿಗುತ್ತಿತ್ತು. ಬೆಳಕು, ಬೀಜ ಓದು ಕಲಿತವರ ಹಾಗೆ ಒಂದೇ ಹದದಲ್ಲಿ ಸಾಗುತ್ತಿದ್ದರು. ಬಳ್ಳಿಯೊಬ್ಬಳ ಉಸಿರಿನಲ್ಲಿ, ಅತ್ತೆ ವಾರ್ಡಿಗೆ ಕಾಲಿಟ್ಟಾಗ, ಒಂದೆಳೆ ತಪ್ಪುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು ಅವನನ್ನು ಎದೆಗೆ ಹಾಕಿಕೊಂಡರೆ ಇನ್ನೊಂದೆಳೆ.

ಶುಕ್ರವಾರ ಬೆಳಿಗ್ಗೆ ಕುಮುದ ಹೊಸ ಟೋಪಿಗಳನ್ನು ತಂದಳು. ನನ್ನ ಗಂಡ ವ್ಯಾನು ತರಲು ಹೋದರು. ದೇವೀರಮ್ಮ ಸಿಸ್ಟರ್ ಮಕ್ಕಳ ಎದೆಯ ವೈರುಗಳನ್ನು ಬಿಡಿಸಿ, ಅಂಟಿನ ಗುರುತನ್ನು ಎಣ್ಣೆಯಿಂದ ಒರೆಸಿ, ಒಬ್ಬೊಬ್ಬರನ್ನೇ ಸುತ್ತಿ ಕೊಟ್ಟರು. ಬೆಳಕು, ಬೀಜ ಕುಮುದನ ಮಡಿಲಿಗೆ. ಬಳ್ಳಿ ನನ್ನ ಭುಜಕ್ಕೆ. ಅವನನ್ನು ಅತ್ತೆ ಆಗಲೇ ಸೀರೆಯೊಳಗೆ ಕಟ್ಟಿಕೊಂಡಿದ್ದರು. ನೆತ್ತಿ ಮಾತ್ರ ಕಾಣುತ್ತಿತ್ತು. ಹಿಂದಿನ ಬಾಗಿಲಿನಿಂದ ಹೊರಗೆ ಬಂದು ನಿಂತೆವು. ಆಸ್ಪತ್ರೆಯ ಹಿಂದೆಯೇ ಕಾಲುವೆ. ಹಿಂದಿನ ದಿನ ನೀರು ಬಿಟ್ಟಿದ್ದರು. ಮೆಟ್ಟಿಲಿನವರೆಗೂ ಬಂದು ಕೆಂಪಗೆ ಹರಿಯುತ್ತಿತ್ತು.

ಈಗ ನಾನು ಬಾಯಿ ಬಿಟ್ಟೆ. “ಅತ್ತೆ, ನೀರು ಬಂದಿದೆ. ಅವನನ್ನ ಕೆಳಗಿಟ್ಟು ಪದ ಇಳಿಸಿ.”

ಅವರು ಕೇಳಿಸದವರ ಹಾಗೆ ವ್ಯಾನು ಬರುವ ದಾರಿ ನೋಡಿದರು.

“ಹೊಸ್ತಿಲು ದಾಟಿದಮೇಲೆ ಬಗ್ಗೋದಿಲ್ಲ ಅಂತ ನೀವೇ ಅಂದಿದ್ದು. ಬಳ್ಳಿಗೆ ಹಂಚೋಕೆ ಉಸಿರಿಲ್ಲ ಅತ್ತೆ. ಅವಳ ಹತ್ತಿರ ಇರೋದು ಇಷ್ಟೇ ಇಷ್ಟು.”

“ನಂದು ಕೊಡ್ತೀನಿ ಅವನಿಗೆ,” ಎಂದರು. “ಮುದುಕಿ, ನನಗ್ಯಾಕೆ ಇನ್ನು?”

“ನಿಮ್ಮದನ್ನ ಅವನು ತಗೋತಿಲ್ಲ. ನಿಮಗೆ ದಮ್ಮು ಎಲ್ಲಿದೆ ಈಗ? ನೀವು ಆಡ್ತಿರೋದು ಯಾರ ಉಸಿರು, ನೀವೇ ಹೇಳಿ.”

ಕುಮುದ ತಲೆ ಬಗ್ಗಿಸಿದಳು. ಅತ್ತೆ ನನ್ನನ್ನು ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಕಾಲುವೆಯ ಕಡೆ ಎರಡು ಮೆಟ್ಟಿಲು ಇಳಿದರು. ಪಾದ ಮುಳುಗಿತು, ಸೀರೆಯಂಚು ನೀರಿನಲ್ಲಿ ತೇಲಿತು. ನನ್ನ ಜೀವಕ್ಕೆ ಸಮಾಧಾನವಾಯಿತು. ಅವರು ಸೆರಗಿನೊಳಗೆ ಕೈಯಿಟ್ಟು ಅವನ ಬೆನ್ನು ಹಿಡಿದುಕೊಂಡು ಪದ್ಯ ಹೇಳಿದರು. ಹೊಸ್ತಿಲು ಹಣತೆ ಹೂಜಿ ಹಾಡು. ಹೂಜಿಯ ಹತ್ತಿರ ನಿಲ್ಲಲಿಲ್ಲ. ಬೆಳಕು ಬೀಜ ಬಳ್ಳಿ. ಅಲ್ಲೂ ನಿಲ್ಲಲಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ, ನಮ್ಮಪ್ಪನೂ ಎಂದೂ ಓದದಷ್ಟು ನಿರಾಳವಾಗಿ, ಬಯಲು ಎಂಬ ಪದವನ್ನೂ ಸೇರಿಸಿ ಹೇಳಿ ಮುಗಿಸಿದರು. ಹೇಳಿ ಮುಗಿಯುವವರೆಗೂ ನನ್ನ ಭುಜದ ಮೇಲೆ ಬಳ್ಳಿ ಉಸಿರಾಡಲಿಲ್ಲ.

ಅಂಗಾಲು ಹುಡುಕಿ ಹೊಡೆದೆ. ಮತ್ತೆ ಹೊಡೆದೆ. ಕುತ್ತಿಗೆಯ ಬಳಿ ಸಣ್ಣಗೆ ಗಾಳಿ ಆಡಿತು.

“ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದೆ. “ಈಗಲಾದರೂ ಇಳಿಸಿ.”

ನೀರಿನಿಂದ ಮೇಲೆ ಬಂದು, ಒದ್ದೆ ಅಂಚನ್ನು ಹಿಂಡಿ, ಅವನ ನೆತ್ತಿಯ ಮೇಲೆ ಬಿಸಿಲು ಬೀಳದ ಹಾಗೆ ಸೆರಗು ಎಳೆದುಕೊಂಡು, “ಇಳಿಸೋದಿಲ್ಲ” ಎಂದರು ಅತ್ತೆ.